ಬೆನ್ನಿನಿಂದ ನೀರು ತೆಗೆಸಲು ಚಿಕ್ಕಮ್ಮ ಒಪ್ಪುತ್ತಿಲ್ಲ

ಹಾವೇರಿ ಹುಡುಗ:
ಚಿಕ್ಕಪ್ಪನಿಗೆ 52 ವರ್ಷ. ಮೂರು ವಾರಗಳಿಂದ ಸಂಜೆಯಾದರೆ ಜ್ವರ, ಬಿಡದ ತಲೆನೋವು, ಊಟ ಸೇರುತ್ತಿಲ್ಲ. ಟೈಫಾಯ್ಡ್ ಎಂದು ಎರಡು ಕಡೆ ಔಷಧಿ ಕೊಟ್ಟರು. ಮೊನ್ನೆ ಅಂಗಡಿಯಲ್ಲಿ ಐನೂರರ ನೋಟು ಕೊಟ್ಟವರಿಗೆ ಸಾಮಾನಿನ ಜೊತೆ ಐನೂರನ್ನೂ ವಾಪಸ್ ಕೊಟ್ಟರು. ನಿನ್ನೆ ಮಗಳ ಗುರುತೇ ಸಿಗಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾರೆ. ಮೆದುಳಿನ ಪೊರೆಗೆ ಟಿ.ಬಿ. ತಗುಲಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು ಎನ್ನುತ್ತಾರೆ. ಚಿಕ್ಕಮ್ಮ ಸಹಿ ಹಾಕುತ್ತಿಲ್ಲ. ಹಾಗೆ ತೆಗೆಸಿಕೊಂಡ ನಮ್ಮೂರಿನವರೊಬ್ಬರಿಗೆ ಕಾಲಿನ ಸ್ವಾಧೀನ ತಪ್ಪಿತಂತೆ. ಸ್ಕ್ಯಾನ್ ಮಾಡಿದರೆ ಸಾಲದೆ?

ಮಲ್ಲಿಗೆ:
ನನ್ನ ತಂಗಿಗೆ ತೆಗೆದಿದ್ದರು. ಎದ್ದು ಕುಳಿತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಇಲ್ಲ. ಕೆಲವು ದಿನಗಳಲ್ಲಿ ಅದೂ ಹೋಯಿತು. ಕಾಲಿಗೆ ಏನೂ ಆಗಲಿಲ್ಲ.

ನಿವೃತ್ತ ಸಿಸ್ಟರ್:
ನರರೋಗ ವಾರ್ಡಿನಲ್ಲಿಯೇ ನನ್ನ ತಲೆ ನೆರೆತದ್ದು. ಈ ಕಾಲಿನ ಕಥೆ ಪ್ರತಿ ಊರಿನಲ್ಲೂ ಒಂದಿರುತ್ತದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದು-ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕರ ಅಥವಾ ನಾಲ್ಕು-ಐದರ ಸಂದಿಯಲ್ಲಿ. ಸಿಸೇರಿಯನ್‌ಗೆ ಅರಿವಳಿಕೆ ಕೊಡುವುದೂ ಹೆಚ್ಚುಕಡಿಮೆ ಅಲ್ಲಿಯೇ. ನಿಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಆಗಿರಬೇಕು, ಚಿಕ್ಕಮ್ಮನಿಗೆ ಅವರಿಂದಲೇ ಹೇಳಿಸಿ. ತಡವಾಗಿ ಬಂದವರಲ್ಲಿ ಕೈಕಾಲು ಕಸಿಯುವುದು ಸಾಮಾನ್ಯವಾಗಿ ರೋಗವೇ, ಅಪವಾದ ಮಾತ್ರ ಸೂಜಿಗೆ.

ಸ್ಕ್ಯಾನ್ ಬೇಕೇ ಬೇಕು. ಎಚ್ಚರ ತಪ್ಪುತ್ತಿರುವವರಿಗೆ ಮೊದಲು ಅದನ್ನೇ ಮಾಡುತ್ತಾರೆ. ಒಳಗೆ ಊತ ಹೆಚ್ಚಿ ಮೆದುಳು ಜರುಗಿದ್ದರೆ ನೀರು ತೆಗೆಯುವುದು ಅಪಾಯ. ಆದರೆ ಒಳಹೊಕ್ಕಿರುವ ರೋಗಾಣು ಯಾವುದೆಂದು ಸ್ಕ್ಯಾನ್ ಹೇಳದು. ನೀರು ಹೇಳುತ್ತದೆ. ಬೇರೆ ಬ್ಯಾಕ್ಟೀರಿಯಾದ ಮೆದುಳು ಜ್ವರದಲ್ಲಿ ಅದು ಸಾಮಾನ್ಯವಾಗಿ ಕದಡಿರುತ್ತದೆ. ಟಿ.ಬಿ.ಯದು ನೋಡಲು ತಿಳಿಯಾಗಿಯೇ ಇರಬಹುದು, ಟ್ಯೂಬನ್ನು ಅಲುಗಿಸದೆ ಇಟ್ಟರೆ ಕೆಲವೊಮ್ಮೆ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ. ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡುತ್ತಾರೆ. ‘ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಮತ್ತೆ ಯಾಕೆ ಚುಚ್ಚುತ್ತೀರಿ’ ಎಂದು ನರ್ಸಿನ ಮೇಲೆ ರೇಗಬೇಡಿ! ನೀರಿನಲ್ಲಿರುವ ಸಕ್ಕರೆ ರಕ್ತದ್ದಕ್ಕಿಂತ ಎಷ್ಟು ಕುಸಿದಿದೆ ಎಂಬುದೇ ದೊಡ್ಡ ಸುಳಿವು.

ಮೇಷ್ಟ್ರು:
ಖಚಿತವಾಗುವ ಮೊದಲೇ ಟಿ.ಬಿ. ಮಾತ್ರೆ ಶುರು ಮಾಡುತ್ತಾರಂತಲ್ಲ, ಅದು ಸರಿಯೇ ಸಿಸ್ಟರ್?

ನಿವೃತ್ತ ಸಿಸ್ಟರ್:
ಸರಿಯೇ ಮೇಷ್ಟ್ರೇ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ರೋಗಿ ಉಳಿಯಬೇಕಲ್ಲ. ನೀರಿನಲ್ಲಿ ಟಿ.ಬಿ. ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯ ವರದಿ ಬೇಗ ಬರುತ್ತದೆ, ಆದರೆ ಅದರಲ್ಲಿ ಸಿಗಲಿಲ್ಲವೆಂದರೆ ಟಿ.ಬಿ. ಇಲ್ಲವೆಂದಲ್ಲ. ಮಾತ್ರೆಯ ಜೊತೆ ಕೆಲವು ವಾರ ಸ್ಟೆರಾಯ್ಡ್ ಇರುತ್ತದೆ. ಆ ಹೆಸರು ಕೇಳಿ ಹೆದರಿ ನಡುವೆ ನಿಲ್ಲಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಟಿ.ಬಿ. ಮಾತ್ರೆ ಸುಮಾರು ಒಂದು ವರ್ಷ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಣ್ಣು ಹಳದಿಯಾದರೆ, ವಾಂತಿ ಹಿಡಿದರೆ, ದೃಷ್ಟಿ ಮಂಜಾದರೆ ಅದೇ ದಿನ ತೋರಿಸಬೇಕು.

ಇವರದು ವಾರಗಳಲ್ಲಿ ಬೆಳೆದ ರೋಗ. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆ ಸುಡುವ ಜ್ವರ ಬಂದು, ಕತ್ತು ಸೆಟೆದು, ಮೈಮೇಲೆ ನೇರಳೆ ಕಲೆ ಕಾಣಿಸಿದರೆ ಅದು ಗಂಟೆಗಳ ಲೆಕ್ಕ. ಅಂಥವರಿಗೆ ನೀರು ತೆಗೆಯುವುದು ತಡವಾಗುವಂತಿದ್ದರೆ ಆಂಟಿಬಯೋಟಿಕ್ ಅದಕ್ಕಾಗಿ ಕಾಯುವುದಿಲ್ಲ.

ಹಾವೇರಿಯವರೇ, ಇಂದೇ ಸಹಿ ಹಾಕಿಸಿ. ಚಿಕ್ಕಪ್ಪ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಸೂಜಿ ಹಾಕುವ ಮುಂಚೆಯೇ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಬಿಡದ ಕೆಮ್ಮಿದ್ದರೆ ಅದನ್ನೂ ಮುಚ್ಚಿಡಬೇಡಿ.