ಹಿಪ್ ಜಾಯಿಂಟ್‌ಗೆ ‘ಸೊಂಟ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ,

ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಬಿಡದೆ ಕಾಡುವ ಹಿಪ್ ನೋವಿನ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಪೆನ್ನು ನಿಂತಿದೆ.

ಸೊಂಟ ನೋವು ಅಂದ ತಕ್ಷಣ ನಮ್ಮ ಕೈ ಹೋಗುವುದು ಬೆನ್ನಿನ ಕೆಳಭಾಗಕ್ಕೆ. ಆದರೆ ತೊಡೆಮೂಳೆಯ ಗುಂಡುತಲೆ ಕೂತಿರುವ ಕೀಲು ಕೆಟ್ಟರೆ ನೋವು ಸಾಮಾನ್ಯವಾಗಿ ಮುಂದುಗಡೆ, ತೊಡೆಸಂದಿಯಲ್ಲಿ ಬರುತ್ತದೆ. ಕೆಲವರಿಗೆ ಬರೀ ಮಂಡಿಯಲ್ಲಿ! ‘ಸೊಂಟ’ ಅಂತ ಬರೆದರೆ ಓದಿದವರು ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಿಕೊಂಡು ಬಂದಾರು. ‘ಚಪ್ಪೆ’ ಒಳ್ಳೆಯ ಪದವೇ, ಆದರೆ ಅದು ಪಕ್ಕದ ಅಗಲ ಮೂಳೆ, ಕೀಲಲ್ಲ. ರುಚಿಯಿಲ್ಲದ್ದಕ್ಕೂ ಚಪ್ಪೆ ಅನ್ನುವವರಿದ್ದಾರೆ, ಅದು ಬೇರೆ ಮಾತು. ನನ್ನ ಒಲವು ‘ತೊಡೆಕೀಲು’ ಕಡೆಗೆ.

ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಎಂ.ಆರ್.ಐ. ರಿಪೋರ್ಟಿನ ‘ಮ್ಯಾರೋ ಎಡಿಮಾ’. ‘ಮಜ್ಜೆಯ ಬಾವು’ ಅಂದರೆ ಕೀವು, ಸೋಂಕು ಅಂತ ಓದಿಕೊಳ್ಳುತ್ತಾರೆ. ಇದು ಮಜ್ಜೆಯಲ್ಲಿ ನೀರಿನಂಶ ಹೆಚ್ಚಾಗಿರುವುದು, ಅಷ್ಟೇ. ನೀರನ್ನು ಎತ್ತಿ ತೋರಿಸುವ ಎಂ.ಆರ್.ಐ. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ, ನಡುವಯಸ್ಸಿನ ಗಂಡಸರಲ್ಲೂ ಕೆಲವರಿಗೆ, ತೊಡೆಮೂಳೆಯ ತಲೆಯಲ್ಲಿ ಹೀಗಾಗುತ್ತದೆ. ಕಾಲಿನ ಮೇಲೆ ಭಾರ ಹಾಕದೆ ಜೋಪಾನವಾಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಇಳಿಯುತ್ತದೆ. ಇದನ್ನೂ ಕೀವನ್ನೂ ಒಂದೇ ಪದದಲ್ಲಿ ಕಟ್ಟಿಹಾಕಲು ಮನಸ್ಸಿಲ್ಲ. ‘ಮಜ್ಜೆಯ ನೀರೂತ’ ಅನ್ನಬಹುದೇ? ಕೇಳಲು ಸ್ವಲ್ಪ ಒರಟು.

ಅದೇ ಜಾಗದಲ್ಲಿ ರಕ್ತ ಸಿಗದೆ ಮೂಳೆ ಸಾಯುವ ಕಾಯಿಲೆಯೂ ಇದೆ, ಅವಾಸ್ಕುಲರ್ ನೆಕ್ರೋಸಿಸ್. ತುಂಬಾ ದಿನ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ, ವಿಪರೀತ ಕುಡಿಯುವವರಲ್ಲಿ ಹೆಚ್ಚು. ಶುರುವಿನಲ್ಲಿ ಎಕ್ಸ್‌ರೇ ನೆಟ್ಟಗೇ ಇರುತ್ತದೆ. ‘ಮೂಳೆಸಾವು’ ಅರ್ಥಕ್ಕೆ ಸರಿ, ಆದರೆ ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಬರೆಯಲು ಧೈರ್ಯ ಬರುತ್ತಿಲ್ಲ.

ಒಂದು ಮಾತ್ರ ಸಲೀಸಾಗಿ ಸಿಕ್ಕಿತು. ಆಸ್ಟಿಯಾಯ್ಡ್ ಆಸ್ಟಿಯೋಮಾ ಅನ್ನುವ ಪುಟ್ಟ ಗಡ್ಡೆಯ ನೋವು ರಾತ್ರಿ ಜೋರಾಗುತ್ತದೆ, ಆಸ್ಪಿರಿನ್‌ಗೆ ಬಗ್ಗುತ್ತದೆ. ಸಿ.ಟಿ.ಯಲ್ಲಿ ಅದರ ನಡುಭಾಗ ಸಾಮಾನ್ಯವಾಗಿ 1.5 ಸೆಂ.ಮೀ.ಗಿಂತ ಚಿಕ್ಕ ದುಂಡು ಚುಕ್ಕೆ. ವೈದ್ಯರು ಅದನ್ನು ನೈಡಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಗೂಡು ಅಂತ. ‘ಗೂಡು’ ಎಂದೇ ಇಟ್ಟರೆ ಸಾಕಲ್ವಾ?

‘ನೀರೂತ’, ‘ಮೂಳೆಸಾವು’ ಎರಡಕ್ಕೂ ಮೂಳೆ ವೈದ್ಯರು ರೋಗಿಗಳ ಜೊತೆ ಏನು ಪದ ಬಳಸುತ್ತಾರೆ? ಕೇಳಿದವರಿದ್ದರೆ ತಿಳಿಸಿ.