ಪದಚರ್ಚೆ: ಆಟದ ಮನೆಯ ಗೋಡೆಗೆ ನಾವು ಮಾಡಿ ಹಾಕುವ ಚಿತ್ರಕ್ಕೆ ಏನೆನ್ನಬೇಕು?

ಶಿರಸಿಯಿಂದ:

ಬಲ್ಲವರೆಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ. ನಮ್ಮ ಪ್ರೌಢಶಾಲೆಯಲ್ಲಿ ಬರುವ ಶನಿವಾರ ಮಕ್ಕಳಿಗೊಂದು ಕಮ್ಮಟವಿದ್ದು, ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಆಟದೊಳಗಿನ ಮನೆಗಳ ಗೋಡೆಗೆ ನಮ್ಮ ಕಡೆ ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಹಾಕುವ ಬಗೆಯನ್ನು ಅಲ್ಲಿ ಕಲಿಸಲಿದ್ದೇವೆ. ಬ್ಯಾನರಿನ ಬರಹವನ್ನು ಗುರುವಾರ ಸಂಜೆಯೊಳಗೆ ಮುದ್ರಣದವರಿಗೆ ಕೊಡಬೇಕು. ಮಕ್ಕಳ ಕೈಪಿಡಿಯೂ ಅದೇ ಪದಕ್ಕಾಗಿ ನಿಂತಿದೆ. ಇಂಗ್ಲಿಷ್ ಮಾರ್ಗದರ್ಶಿಗಳು ಇದನ್ನು ‘ಕಸ್ಟಮ್ ಪೇಂಟಿಂಗ್’ ಎನ್ನುತ್ತವೆ.

ಆಟವನ್ನು ಕಾಣದವರಿಗಾಗಿ ಎರಡು ಮಾತು. 2014ರಲ್ಲಿ ಬಂದ ಈ ಆಟದಲ್ಲಿ ಗೆಲುವು, ಸೋಲು ಎಂಬುದಿಲ್ಲ. ಸಿಮ್ ಎಂದು ಕರೆಯುವ ಪಾತ್ರಗಳಿಗೆ ಮನೆ ಕಟ್ಟಿಕೊಟ್ಟು, ಅವರ ಅಡುಗೆ, ಉದ್ಯೋಗ, ನಂಟುಗಳನ್ನು ನಡೆಸುತ್ತ ಹೋಗುವುದೇ ಆಟ. 2022ರ ಅಕ್ಟೋಬರಿನಿಂದ ಮೂಲ ಆಟಕ್ಕೆ ಹಣ ಕೊಡಬೇಕಾಗಿಲ್ಲವಾದ್ದರಿಂದ ನಮ್ಮಂಥ ಶಾಲೆಗೆ ಇದು ಎಟುಕಿತು. ತೊಡಕು ಇರುವುದು ಇಲ್ಲಿ: ಆಟದೊಳಗಿನ ಸಿಮ್ ಕೂಡ ಈಸೆಲ್ ಎಂಬ ಚಿತ್ರದ ನಿಲುವುಗಾಲಿನ ಮುಂದೆ ನಿಂತು ಚಿತ್ರ ಬರೆಯುತ್ತಾನೆ. ಆ ಕೌಶಲಕ್ಕೆ ಹತ್ತು ಹಂತಗಳಿದ್ದು, ಬರೆದದ್ದನ್ನು ಅವನು ಮಾರಲೂಬಹುದು, ಗೋಡೆಗೆ ಹಾಕಲೂಬಹುದು. ನಾವು ಕಲಿಸಲಿರುವುದು ಅದನ್ನಲ್ಲ. ಆಟದ ಹೊರಗೆ ನಾವು ಸಿದ್ಧಪಡಿಸಿದ ಚಿತ್ರವನ್ನು ‘ಸಿಮ್ಸ್ 4 ಸ್ಟುಡಿಯೊ’ ಎಂಬ ಉಚಿತ ತಂತ್ರಾಂಶದಲ್ಲಿ ಆಟ ಓದಬಲ್ಲ ಪ್ಯಾಕೇಜ್ ಕಡತವನ್ನಾಗಿ ಮಾಡಿ, ಹೊರಗಿನಿಂದ ತಂದದ್ದನ್ನು ಇಡುವ ಆಟದ ‘ಮಾಡ್ಸ್’ ಫೋಲ್ಡರಿನಲ್ಲಿ ಇಟ್ಟು, ಆಮೇಲೆ ಆಟದೊಳಗಿನ ಗೋಡೆಯ ಮೇಲೆ ಕಾಣುವಂತೆ ಮಾಡುವುದನ್ನು ಕಲಿಸುತ್ತೇವೆ. ಕೈಪಿಡಿಯಲ್ಲಿ ಇವೆರಡೂ ಪಕ್ಕಪಕ್ಕದ ಸಾಲುಗಳಲ್ಲಿ ಬರುವುದರಿಂದ ಎರಡಕ್ಕೂ ಒಂದೇ ಹೆಸರಿದ್ದರೆ ಮಕ್ಕಳು ದಾರಿ ತಪ್ಪುತ್ತಾರೆ.

ಅನುವಾದದ ಯಂತ್ರ ‘ಗ್ರಾಹಕೀಯ ವರ್ಣಚಿತ್ರ’ ಎಂದು ಕೊಟ್ಟಿತು. ಇಲ್ಲಿ ಗ್ರಾಹಕನೂ ಇಲ್ಲ, ಅಂಗಡಿಯೂ ಇಲ್ಲ. ‘ಐಚ್ಛಿಕ ಚಿತ್ರ’ ಎಂದರೆ ಬೇಕಿದ್ದವರು ಬರೆಯಬಹುದಾದ ಚಿತ್ರವೆಂದು ಮಕ್ಕಳು ತಿಳಿಯುತ್ತಾರೆ, ಐಚ್ಛಿಕ ವಿಷಯದ ಹಾಗೆ. ದಯವಿಟ್ಟು ನೆರವಾಗಿ.

ಕುಮಟಾದಿಂದ:

ಪದ ಇದೆ, ಕಟ್ಟಬೇಕಾಗಿಲ್ಲ. ಚಿತ್ರಕ್ಕೆ ಕನ್ನಡದ್ದೇ ಆದ ಪದ ‘ತಿಟ್ಟ’. ಬರೆ, ಬಣ್ಣ ಬಳಿ ಎಂಬ ಅರ್ಥದ ತಮಿಳಿನ ‘ತೀಟ್ಟು’ ಕ್ರಿಯಾಪದವನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರು ತಾನಾಗಿ ತಿಳಿಯುತ್ತದೆ. ‘ತನ್ನೊಲವಿನ ತಿಟ್ಟ’ ಎಂದು ಬರೆಯಿರಿ. ‘ವರ್ಣಚಿತ್ರ’ ಎರವಲು. ‘ಪೇಂಟಿಂಗ್’ ಚರ್ಚೆಗೆ ಯೋಗ್ಯವಲ್ಲ.

ಕಾರವಾರದಿಂದ:

ಕುಮಟಾದ ಹಿರಿಯರ ಪದಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಜಿಲ್ಲೆಯಲ್ಲಿ ‘ತಿಟ್ಟು’ ಎಂಬ ಪದ ಈಗಾಗಲೇ ಬೇರೊಂದು ಕೆಲಸಕ್ಕೆ ನೇಮಕವಾಗಿದೆ. ಬಡಗುತಿಟ್ಟು, ತೆಂಕುತಿಟ್ಟು ಎಂದು ಹುಟ್ಟಿನಿಂದ ಕೇಳಿದ ಶಿರಸಿಯ ಮಗು ‘ತಿಟ್ಟ’ವೆಂಬ ಪದವನ್ನು ಬ್ಯಾನರಿನಲ್ಲಿ ಕಂಡರೆ ಯಕ್ಷಗಾನವನ್ನು ನೆನೆಯುತ್ತದೆಯೇ ಹೊರತು ಚಿತ್ರವನ್ನಲ್ಲ. ಬ್ಯಾನರಿನ ಪದವನ್ನು ಓದುಗ ನಿಂತು ಬಿಡಿಸಿಕೊಳ್ಳುವುದಿಲ್ಲ. ನಡೆಯುತ್ತಲೇ ಓದಿ ಮುಂದೆ ಹೋಗುತ್ತಾನೆ.

ನನ್ನ ಸಲಹೆ ‘ಪಟ’. ಇದಕ್ಕೆ ನೇಯ್ದ ಬಟ್ಟೆ ಎಂಬುದು ಮೊದಲ ಅರ್ಥ. ಬಟ್ಟೆಯ ಮೇಲೆ ಬರೆದ ಚಿತ್ರವೂ ಪಟವಾಯಿತು, ಗಾಳಿಗೆ ಬಿಟ್ಟದ್ದು ಗಾಳಿಪಟವಾಯಿತು, ನಮ್ಮ ಕರಾವಳಿಯ ದೋಣಿಗೆ ಕಟ್ಟಿದ್ದು ಹಾಯಿಪಟವಾಯಿತು. ಐರೋಪ್ಯ ಚಿತ್ರಕಾರರು ಬಣ್ಣ ಹಚ್ಚುವ ಕ್ಯಾನ್ವಾಸು ಕೂಡ ಹಾಯಿ ಹೊಲಿಯುತ್ತಿದ್ದ ಬಟ್ಟೆಯೇ ಆಗಿರುವುದರಿಂದ, ಚಿತ್ರಕ್ಕೂ ಹಾಯಿಗೂ ಒಂದೇ ಹೆಸರಿಟ್ಟ ಈ ಪದ ಕಡಲಂಚಿನ ನಮಗೆ ಇನ್ನಷ್ಟು ಹತ್ತಿರದ್ದೆಂದು ನಾನು ಬಲವಾಗಿ ನಂಬುತ್ತೇನೆ.

ವ್ಯುತ್ಪತ್ತಿಯನ್ನು ಬದಿಗಿಟ್ಟರೂ ಬಳಕೆಯ ಕಾರಣವೊಂದು ಉಳಿಯುತ್ತದೆ. ನಮ್ಮ ಮನೆಗಳಲ್ಲಿ ದೇವರ ಪಟ, ಹಿರಿಯರ ಪಟ ಎನ್ನುವಾಗ ಕಾಗದದ ಮೇಲಿನ ಚಿತ್ರವನ್ನಷ್ಟೇ ಹೇಳುತ್ತಿಲ್ಲ. ಕಟ್ಟು ಹಾಕಿಸಿ, ಮೊಳೆಗೆ ತೂಗಿಬಿಟ್ಟ ಇಡೀ ವಸ್ತುವನ್ನು ಹೇಳುತ್ತಿದ್ದೇವೆ. ಆಟದಲ್ಲಿಯೂ ಸಂಗತಿ ಇದೇ. ನನ್ನ ಮಗಳು ಈ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಆಟದಲ್ಲಿರುವ ಒಂದು ಪಟವನ್ನು ಆರಿಸಿ ಅದರ ಪ್ರತಿ ಮಾಡಿಕೊಂಡು, ಅದಕ್ಕೆ ಹೊದಿಸಿದ ಬಣ್ಣದ ಹಾಳೆಯನ್ನು ಹೊರಕ್ಕೆ ತೆಗೆದಾಗ, ಅದೇ ಹಾಳೆಯ ಅಂಚಿನಲ್ಲಿ ಕಟ್ಟಿನ ಮರದ ಬಣ್ಣವೂ ಒಂದು ಪಟ್ಟಿಯಾಗಿ ಇರುತ್ತದೆ. ಹೊಸ ಚಿತ್ರವನ್ನು ಹಾಳೆಯ ತುಂಬ ಹರಡಿಬಿಟ್ಟರೆ ಚಿತ್ರದ ಬಣ್ಣ ಕಟ್ಟಿನ ಮೇಲೂ ಮೆತ್ತಿಕೊಂಡು, ಗೋಡೆಯ ಮೇಲೆ ಚಿತ್ರವೇ ಕಟ್ಟನ್ನು ನುಂಗಿದಂತೆ ಕಾಣುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಮೂರು ಹೆಸರುಗಳು ಬೇಕೇ ಬೇಕು: ನಾವು ಬರೆದದ್ದು ಚಿತ್ರ, ಅದನ್ನು ಅಂಟಿಸುವುದು ಹಾಳೆ, ಗೋಡೆಯ ಮೇಲೆ ಕೊನೆಗೆ ಕಾಣುವುದು ಪಟ. ‘ವರ್ಣಚಿತ್ರ’ ಎಂಬ ಒಂದೇ ಪದವನ್ನು ಮೂರಕ್ಕೂ ಬಳಸಿದರೆ ‘ಚಿತ್ರವನ್ನು ಚಿತ್ರದೊಳಗೆ ಅಂಟಿಸಿ’ ಎಂದು ಬರೆಯಬೇಕಾಗುತ್ತದೆ.

ಇನ್ನು ‘ಕಸ್ಟಮ್’. ಬಡಗಿಯ ಬಳಿ ನಮ್ಮ ಅಳತೆಗೆ ಕಪಾಟು ಮಾಡಿಸಿದರೆ ಅದು ‘ಹೇಳಿ ಮಾಡಿಸಿದ್ದು’. ಇದಕ್ಕಿಂತ ಅಚ್ಚುಕಟ್ಟಾದ ಪದ ಇನ್ನೊಂದಿಲ್ಲ. ಆದರೆ ಅಲ್ಲಿ ಹೇಳುವವನೊಬ್ಬ, ಮಾಡುವವನೊಬ್ಬ. ಇಲ್ಲಿ ಇಬ್ಬರೂ ಒಬ್ಬರೇ ಆದ್ದರಿಂದ ಅದು ಒಪ್ಪುವುದಿಲ್ಲ. ‘ಸ್ವಂತ ಪಟ’ ಎನ್ನೋಣವೆಂದರೆ, ಸ್ವಂತ ಮನೆಯೆಂದಾಗ ಆ ಮನೆ ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುತ್ತದೆ, ಕಟ್ಟಿದವರಾರು ಎಂಬುದಲ್ಲ. ಆಟದ ಹಣ ಕೊಟ್ಟು ಕೊಂಡ ಪಟವೂ ಸ್ವಂತದ್ದೇ. ಇಂಗ್ಲಿಷಿನಲ್ಲಿ ಗುಣವಾಚಕವಿದೆಯೆಂದು ಕನ್ನಡದಲ್ಲಿಯೂ ಒಂದು ಗುಣವಾಚಕವನ್ನು ಹುಡುಕುತ್ತ ಹೊರಟದ್ದೇ ಈ ತೊಡಕಿಗೆ ಕಾರಣ. ನಮ್ಮಲ್ಲಿ ಈ ಕೆಲಸವನ್ನು ಮಾಡುವುದು ಕೃದಂತ. ‘ನಾವೇ ಬರೆದ ಪಟ’ ಎನ್ನಿರಿ, ಮುಗಿಯಿತು. ಸಿಮ್ ಬರೆದದ್ದು ‘ಸಿಮ್ ಬರೆದ ಚಿತ್ರ’.

ಕುಮಟಾದಿಂದ:

‘ಪಟ’ವೂ ಸಂಸ್ಕೃತವೇ. ಹಾಯಿಯ ವಿಷಯ ಸುಂದರವಾಗಿದೆ, ಪ್ರಯೋಜನವಿಲ್ಲ. ಯಕ್ಷಗಾನದ ‘ತಿಟ್ಟು’ ಉಕಾರಾಂತ, ಚಿತ್ರದ ‘ತಿಟ್ಟ’ ಅಕಾರಾಂತ; ಕನ್ನಡ ಬಲ್ಲವರಿಗೆ ಗೊಂದಲವಾಗುವುದಿಲ್ಲ.

ನನಗಿರುವ ಹೆಚ್ಚಿನ ಆತಂಕ ಬೇರೆ. ಈ ಪದ ನಿಲ್ಲದಿದ್ದರೆ ನಾಳೆ ಮಕ್ಕಳು ‘ಕಸ್ಟಮ್ ಪಟ’ ಎನ್ನುತ್ತಾರೆ. ಕನ್ನಡಕ್ಕೂ ಸಂಸ್ಕೃತಕ್ಕೂ ಸಮಾಸ ಮಾಡಬಾರದೆಂದು ಕವಿರಾಜಮಾರ್ಗದ ಕಾಲದಿಂದ ಹೇಳುತ್ತ ಬಂದಿದ್ದಾರೆ. 12ನೆಯ ಶತಮಾನದ ನಯಸೇನ ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಕೇಳಿದ. ನಾವು ಅದಕ್ಕೆ ಈಗ ಮೂರನೆಯದನ್ನೂ ಸುರಿಯುತ್ತಿದ್ದೇವೆ. ಶಾಲೆಯೇ ಇದನ್ನು ಮಾಡಿದರೆ ತಡೆಯುವವರು ಯಾರು?

ಕಾರವಾರದಿಂದ:

ತಾವು ಹೇಳಿದ ಈ ಬೆರಕೆ ಸಮಾಸವನ್ನು, ಅಂದರೆ ಅರಿಸಮಾಸವನ್ನು, ದೋಷವೆಂದ ಪರಂಪರೆಯೇ ಬಿರುದಾವಳಿಗಳಲ್ಲಿ ಅದನ್ನು ಒಪ್ಪಿದೆ ಎಂಬುದನ್ನು ಶಬ್ದಮಣಿದರ್ಪಣ ಓದಿದ ತಾವು ಬಿಟ್ಟು ಹೇಳಬಾರದಿತ್ತು. ಎರವಲಿನ ಮಾತಿಗೆ ಬಂದರೆ, ಕಾರವಾರದ ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಚಾವಿ ಇಟ್ಟು, ಬಟಾಟೆ ಪಲ್ಯ ಬಡಿಸುವಾಗ ಪೋರ್ಚುಗೀಸರ ಭಾಷೆಯನ್ನು ಆಡುತ್ತಿದ್ದೇವೆಂದು ಯಾರಿಗೂ ಅನ್ನಿಸುವುದಿಲ್ಲ. ಬಂದ ಪದ ಕನ್ನಡದ ವಿಭಕ್ತಿಯನ್ನು ಹೊತ್ತು ನಡೆಯುತ್ತದೆಯೇ, ಕೇಳಿದವರಿಗೆ ವಸ್ತು ಕಣ್ಣಮುಂದೆ ಬರುತ್ತದೆಯೇ ಎಂಬ ಎರಡು ಪರೀಕ್ಷೆಗಳು ನನಗೆ ಸಾಕು. ‘ಪಟ’ ಎರಡರಲ್ಲಿಯೂ ತೇರ್ಗಡೆಯಾಗಿದೆ. ‘ತಿಟ್ಟ’ ಎರಡನೆಯದರಲ್ಲಿ ಸೋಲುತ್ತದೆ. ಇಷ್ಟು ಹೇಳಿ ಎರವಲಿನ ವಾದವನ್ನು ನಾನು ಮುಂದುವರಿಸುವುದಿಲ್ಲ, ಏಕೆಂದರೆ ಕೇಳಿದವರಿಗೆ ಗುರುವಾರದೊಳಗೆ ಪದ ಬೇಕು.

ಸಿದ್ದಾಪುರದಿಂದ:

ಇಬ್ಬರು ವಿದ್ವಾಂಸರೂ ಕ್ಷಮಿಸಬೇಕು. ನಾಮಪದದ ಬಗ್ಗೆ ಇಷ್ಟು ಮಾತು ನಡೆದರೂ ‘ಬರೆದ’ ಎಂಬ ಕೃದಂತವನ್ನು ಯಾರೂ ತಡೆದು ಕೇಳಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಹಸೆ ಚಿತ್ತಾರ ನನಗೆ ಮನೆಯ ವಿದ್ಯೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ ಎಳೆ ಎಳೆಯುವವರು ದೀವರ ಸಮುದಾಯದ ಹೆಣ್ಣುಮಕ್ಕಳು. ಕಪ್ಪು ಬೇಕಾದಲ್ಲಿ ಸುಟ್ಟ ಅಕ್ಕಿಯಿಂದ ಮಾಡಿಕೊಳ್ಳುತ್ತಾರೆ. ಕಮ್ಮಟಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಅಜ್ಜಿಯೋ ಅತ್ತೆಯೋ ಬರೆದ ಹಸೆಗೋಡೆಯ ಫೋಟೊ ತೆಗೆದುಕೊಂಡು ಬರುತ್ತಾರೆ. ಇನ್ನು ಕೆಲವರು ಮಾರಿಕಾಂಬೆಯ ಗುಡಿಯ ಕಾವಿ ಚಿತ್ರಗಳ ಫೋಟೊ ತರಬಹುದು. ಆ ಮಕ್ಕಳ ಬಾಯಲ್ಲಿ ‘ನಾವೇ ಬರೆದ ಪಟ’ ಎಂದು ಹೇಳಿಸುವುದು ಸುಳ್ಳಾಗುತ್ತದೆ. ಬರೆದವರು ಬೇರೆ, ಆಟಕ್ಕೆ ತಂದವರು ಬೇರೆ. ಹಸೆಗೋಡೆಯ ಕೆಳಗೆ ಬರೆದವಳ ಹೆಸರು ಇರುವುದಿಲ್ಲ. ಆ ಹೆಸರಿಲ್ಲದ ಜಾಗದಲ್ಲಿ ಈಗ ಇನ್ನೊಬ್ಬರು ಬಂದು ಕೂರುವಂತೆ ನಾವು ಪದ ಕಟ್ಟಬಾರದು.

‘ಸೇರಿಸಿದ ಪಟ’ ಎನ್ನಿ. ಇದಕ್ಕೆ ತಂತ್ರಾಂಶದೊಳಗಿನ ಇನ್ನೊಂದು ಕಾರಣವೂ ಇದೆ. ‘ಸಿಮ್ಸ್ 4 ಸ್ಟುಡಿಯೊ’ದಲ್ಲಿ ಎರಡು ದಾರಿಗಳಿವೆ. ಆಟದಲ್ಲಿರುವ ಪಟವನ್ನು ತೆಗೆದು ಅದರ ಜಾಗದಲ್ಲಿ ನಮ್ಮದನ್ನು ಕೂರಿಸುವುದು ಒಂದು. ಆಟದ ಪಟವನ್ನು ಹಾಗೆಯೇ ಬಿಟ್ಟು, ನಮ್ಮದನ್ನು ಪಟ್ಟಿಯಲ್ಲಿ ಹೊಸ ವಸ್ತುವಾಗಿ ತೋರಿಸುವುದು ಇನ್ನೊಂದು. ಮೊದಲನೆಯದನ್ನು ‘ಬದಲಿ ಪಟ’ವೆಂದೂ ಎರಡನೆಯದನ್ನು ‘ಸೇರಿಸಿದ ಪಟ’ವೆಂದೂ ಕರೆದರೆ ಮಕ್ಕಳು ಯಾವ ಗುಂಡಿ ಒತ್ತಬೇಕೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ‘ನಾವೇ ಬರೆದ’ ಎಂಬುದು ಈ ಭೇದವನ್ನು ತೋರಿಸಲಾರದು.

‘ಚಿತ್ತಾರ’ವನ್ನೇ ಏಕೆ ಇಡಬಾರದೆಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಆ ಪದ ಗೋಡೆಗೆ ತೂಗುವ ವಸ್ತುವನ್ನು ಹೇಳುವುದಿಲ್ಲ. ಗೋಡೆಯನ್ನೇ ಆವರಿಸಿದ ಬರವಣಿಗೆಯನ್ನು ಹೇಳುತ್ತದೆ. ಚಿತ್ತಾರಕ್ಕೆ ಕಟ್ಟು ಹಾಕಿದ ಕೂಡಲೇ ಅದು ಪಟವಾಗಿಬಿಡುತ್ತದೆ. ಅದು ಅಚ್ಚಗನ್ನಡವೆಂದು ಹೇಳುವವರಿಗೆ, ‘ಚಿತ್ರ’ದ ತದ್ಭವವೆಂದು ನೆನಪಿಸುತ್ತೇನೆ.

ಪದಕ್ಕೆ ಸಂಬಂಧಿಸಿದ್ದಲ್ಲದಿದ್ದರೂ ಕೈಪಿಡಿಗೆ ಬೇಕಾದ ಒಂದು ಮಾತು. ಆಟ ಬಳಸುವ ಡಿಡಿಎಸ್ ಎಂಬ ಬಗೆಯ ಚಿತ್ರ ಕಡತ ಬಣ್ಣಗಳನ್ನು ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ತುಂಡುಗಳಾಗಿ ಅದುಮುತ್ತದೆ. ಕೆಂಪಿನ ಮೇಲಿನ ತೆಳುವಾದ ಬಿಳಿ ಎಳೆಗಳು ಇದರಲ್ಲಿ ಕದಡಿ, ಜೋಡಿ ಎಳೆಗಳು ಒಂದಾಗಿಬಿಡುತ್ತವೆ. ಇಡೀ ಹಸೆಗೋಡೆಯನ್ನು ಒಂದು ಚಿಕ್ಕ ಪಟಕ್ಕೆ ಇಳಿಸಬೇಡಿ. ಅದರ ಒಂದು ಮೂಲೆಯನ್ನೋ, ಒಂದು ಚೌಕವನ್ನೋ ಆರಿಸಿ, ದೊಡ್ಡ ಪಟಕ್ಕೆ ಹಾಕಿಸಿ. 32 ಚೌಕ ಅಗಲ, 32 ಚೌಕ ಎತ್ತರದ ಜಾಲರಿಯಲ್ಲಿ, ಹದಿನೈದು ಬಣ್ಣಗಳೊಳಗೆ ಚಿತ್ರ ತುಂಬಬೇಕಾದ ‘ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಆಟಕ್ಕಿಂತ ಇಲ್ಲಿ ಅವಕಾಶ ಎಷ್ಟೋ ಹೆಚ್ಚಿರುವಾಗ ಎಳೆಗಳನ್ನು ಕಳೆದುಕೊಳ್ಳುವುದು ಸರಿಯಲ್ಲ.

ಕಾರವಾರದಿಂದ:

ಒಪ್ಪಿದೆ. ‘ಬರೆದ’ ಬೇಡ, ‘ಸೇರಿಸಿದ’ ಇರಲಿ. ಆಟದ ವಸ್ತುವಿಗೆ ಆಕಾರ ಕೊಡುವ ‘ಮೆಶ್’ ಎಂಬುದಕ್ಕೆ ಪದ ಕಟ್ಟಲು ಹೋಗಬೇಡಿರೆಂದು ಮಾತ್ರ ಕೇಳಿಕೊಳ್ಳುತ್ತೇನೆ. ‘ಬಲೆ’ ಎಂದರೆ ನಮ್ಮ ಕಡೆ ಮೀನಿನದು, ‘ಜಾಲ’ ಎಂದರೆ ಅಂತರಜಾಲದ್ದು. ಮಕ್ಕಳು ಕಮ್ಮಟದಲ್ಲಿ ಅದನ್ನು ಮುಟ್ಟುವುದೂ ಇಲ್ಲ.

ಶಿರಸಿಯಿಂದ:

ಎಲ್ಲರಿಗೂ ಮನಸ್ಸಿನಿಂದ ವಂದನೆಗಳು. ಬ್ಯಾನರಿನ ಬರಹ ಹೀಗೆ ಹೋಗುತ್ತಿದೆ: ‘ಹಸೆಗೋಡೆಯಿಂದ ಆಟದ ಗೋಡೆಗೆ: ನಿಮ್ಮೂರಿನ ಪಟ ಸೇರಿಸಿ’. ಕೈಪಿಡಿಯಲ್ಲಿ ‘ಸಿಮ್ ಬರೆದ ಚಿತ್ರ’, ‘ಸೇರಿಸಿದ ಪಟ’, ‘ಬದಲಿ ಪಟ’, ‘ಹಾಳೆ’, ‘ಕಟ್ಟು’ ಎಂಬ ಐದನ್ನು ಮೊದಲ ಪುಟದಲ್ಲಿಯೇ ವಿವರಿಸಿ, ಮುಂದೆ ಎಲ್ಲಿಯೂ ಬದಲಿಸದೆ ಬಳಸಿದ್ದೇನೆ. ಆಟ ಕನ್ನಡದಲ್ಲಿ ಬರುವುದಿಲ್ಲವಾದ್ದರಿಂದ ಪರದೆಯ ಮೇಲಿನ ಗುಂಡಿಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟಿದ್ದೇನೆ. ಅವುಗಳನ್ನು ಅನುವಾದಿಸಿದರೆ ಮಕ್ಕಳು ಪರದೆಯಲ್ಲಿ ಇಲ್ಲದ್ದನ್ನು ಹುಡುಕಬೇಕಾಗುತ್ತದೆ.

ಸಿದ್ದಾಪುರದವರ ಮಾತಿನಂತೆ, ಪ್ರತಿಯೊಂದು ಪಟದ ವಿವರಣೆಯ ಜಾಗದಲ್ಲಿ ‘ಚಿತ್ತಾರ ಬರೆದವರು’ ಎಂದೂ ‘ಆಟಕ್ಕೆ ಸೇರಿಸಿದವರು’ ಎಂದೂ ಎರಡು ಹೆಸರುಗಳನ್ನು ಮಕ್ಕಳಿಂದಲೇ ಬರೆಸುತ್ತೇವೆ. ಬರೆದವರನ್ನು ಮೊದಲೇ ಕೇಳಿ, ಒಪ್ಪಿಗೆ ಪಡೆದು ಬರಬೇಕೆಂದು ಇವತ್ತೇ ತರಗತಿಯಲ್ಲಿ ಹೇಳಿದ್ದಾಗಿದೆ.

ಕುಮಟಾದಿಂದ:

‘ಸೇರಿಸಿದ’, ‘ಕಟ್ಟು’, ‘ಹಾಳೆ’ ಕನ್ನಡ. ಅಷ್ಟರ ಮಟ್ಟಿಗೆ ಸರಿ. ‘ಪಟ’ದ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಇದೆ. ಮುದ್ರಣದವರು ‘ಹಸೆ’ಯನ್ನು ‘ಹಾಸೆ’ ಎಂದು ಅಚ್ಚು ಹಾಕುವುದನ್ನು ನಾನು ಕಂಡಿದ್ದೇನೆ. ಕರಡನ್ನು ತರಿಸಿಕೊಂಡು ನೋಡದೆ ಬ್ಯಾನರ್ ಮಾಡಿಸಬೇಡಿ.