ಹಾಸ್ಟೆಲ್ ದಿನಸಿಗೆ ಫುಡ್ ಬ್ಯಾಂಕ್ ನಂಬಬಹುದೇ? ನಿಜವಾಗಿ ಎಷ್ಟು ಉಳಿಯುತ್ತದೆ?

ನೆಲಮಂಗಲ_ಟ್ರಸ್ಟ್ ಕೇಳಿದ್ದು:

ನೆಲಮಂಗಲದ ಹತ್ತಿರ ನಮ್ಮ ಟ್ರಸ್ಟಿನ ಉಚಿತ ವಿದ್ಯಾರ್ಥಿನಿಲಯವಿದೆ. 60 ಮಕ್ಕಳು, ಮೂರು ಹೊತ್ತೂ ಅಡುಗೆ ಇಲ್ಲೇ. ಅಕ್ಕಿ, ಬೇಳೆ, ಎಣ್ಣೆ ಯಶವಂತಪುರ ಎಪಿಎಂಸಿ ಯಾರ್ಡಿನಿಂದ ಬರುತ್ತದೆ, ಸಣ್ಣಪುಟ್ಟದ್ದು ಊರಿನ ಅಂಗಡಿಯಿಂದ. ಈಗ ಬೆಂಗಳೂರಿನ ಒಂದು ಫುಡ್ ಬ್ಯಾಂಕ್ (ಮಿಕ್ಕ ಆಹಾರ ಸಂಗ್ರಹಿಸಿ ಸೇವಾ ಸಂಸ್ಥೆಗಳಿಗೆ ಹಂಚುವ ಸಂಸ್ಥೆ) ನಮ್ಮನ್ನು ಸೇರಿಸಿಕೊಳ್ಳಲು ಒಪ್ಪಿದೆ. ಕೆ.ಜಿ.ಗೆ 4 ರೂಪಾಯಿ ನಿರ್ವಹಣಾ ಶುಲ್ಕ, ಗಾಡಿ ಬಾಡಿಗೆ ನಮ್ಮದು. ಮಂಡಿ ಖರೀದಿ ಪೂರ್ತಿ ಬಿಟ್ಟು ಇದನ್ನೇ ನಂಬಬಹುದೇ? ಅವಧಿ ಮುಗಿಯಲು ಬಂದ ಸಾಮಾನನ್ನು ಮಕ್ಕಳಿಗೆ ಹಾಕುವುದು ಸರಿಯೇ ಎಂದು ಇಬ್ಬರು ಟ್ರಸ್ಟಿಗಳಿಗೆ ಅಳುಕಿದೆ. ಲೆಕ್ಕ ಹೇಗೆ ಬರೆಯಬೇಕೆಂಬುದನ್ನೂ ತಿಳಿದವರು ಹೇಳಿ.

ಉಗ್ರಾಣ_ಲೆಕ್ಕ:

ಮಂಡಿ ಪೂರ್ತಿ ಬಿಡಬೇಡಿ. ಫುಡ್ ಬ್ಯಾಂಕಿಗೆ ಬರುವುದು ಕಂಪನಿ, ಗೋದಾಮು, ಸೂಪರ್‌ಮಾರ್ಕೆಟ್‌ಗಳಲ್ಲಿ ಮಿಕ್ಕಿದ್ದು. ಮುಂದಿನ ವಾರ ಏನು ಮಿಗುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ. ಬಿಸ್ಕತ್ತು, ನೂಡಲ್ಸ್, ಓಟ್ಸ್, ಸಾಸ್ ಧಾರಾಳವಾಗಿ ಬರುತ್ತವೆ. ತೊಗರಿಬೇಳೆ, ಎಣ್ಣೆ ಕಡಿಮೆ, ಯಾಕೆಂದರೆ ಅವು ಅಂಗಡಿಯಲ್ಲೇ ಖರ್ಚಾಗುತ್ತವೆ.

ಮೊದಲು ನಿಮ್ಮ ತಿಂಗಳ ಅಗತ್ಯ ಬರೆದುಕೊಳ್ಳಿ. ತಲೆಗೆ ದಿನಕ್ಕೆ ಅಕ್ಕಿ, ರಾಗಿ, ಗೋಧಿ ಸೇರಿ 350 ಗ್ರಾಂ ಹಿಡಿದರೆ 60 ಮಕ್ಕಳಿಗೆ 21 ಕೆ.ಜಿ., ತಿಂಗಳಿಗೆ 630 ಕೆ.ಜಿ. ಬೇಳೆಕಾಳು 60 ಗ್ರಾಂ ಅಂದರೆ ತಿಂಗಳಿಗೆ 108 ಕೆ.ಜಿ. ಎಣ್ಣೆ 25 ಗ್ರಾಂ ಅಂದರೆ 45 ಕೆ.ಜಿ., ಅಂದರೆ 15 ಕೆ.ಜಿ.ಯ ಮೂರು ಡಬ್ಬ. ಈ ಮೂರನ್ನು ಮಂಡಿಯಿಂದಲೇ ತನ್ನಿ, ಕನಿಷ್ಠ 15 ದಿನದ ದಾಸ್ತಾನು ಯಾವಾಗಲೂ ಇರಲಿ. ಫುಡ್ ಬ್ಯಾಂಕಿನಲ್ಲಿ ಇವು ಸಿಕ್ಕಿದ ತಿಂಗಳು ಅಷ್ಟು ಮಂಡಿ ಆರ್ಡರ್ ಕಡಿಮೆ ಮಾಡಿ. ರವೆ, ಅವಲಕ್ಕಿ, ಶಾವಿಗೆ, ಸಕ್ಕರೆ, ಉಪ್ಪು, ಮಸಾಲೆ ಪುಡಿ, ಸೋಪು ಇವುಗಳನ್ನು ಫುಡ್ ಬ್ಯಾಂಕಿನ ಕಡೆಗೆ ಬಿಡಬಹುದು. ಒಂದು ವಾರ ಬರದಿದ್ದರೂ ಅಡುಗೆ ನಿಲ್ಲುವುದಿಲ್ಲ.

ಈಗ ದರ. 300 ಕೆ.ಜಿ. ತಂದಿರಿ ಎಂದುಕೊಳ್ಳಿ. ಶುಲ್ಕ 1,200, ಗಾಡಿ 1,800, ಒಟ್ಟು 3,000. ಕೆ.ಜಿ.ಗೆ 10 ರೂಪಾಯಿ ಬಿತ್ತು. ಅದರಲ್ಲಿ 60 ಕೆ.ಜಿ. ಮಕ್ಕಳು ತಿನ್ನದೆ ಉಳಿದರೆ ಬಳಸಿದ 240ಕ್ಕೆ ಕೆ.ಜಿ.ಗೆ 12.50 ಆಯಿತು. 80 ಕೆ.ಜಿ. ತರಲು ಅದೇ ಗಾಡಿ ಕಳಿಸಿದರೆ ಬಾಡಿಗೆಯೇ ಕೆ.ಜಿ.ಗೆ 22.50. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತನ್ನಿ. ದಾಬಸ್‌ಪೇಟೆ, ತುಮಕೂರು ರಸ್ತೆಯ ಬೇರೆ ಸಂಸ್ಥೆಗಳು ಸೇರಿದ್ದರೆ ಒಂದೇ ಗಾಡಿ ಹಂಚಿಕೊಳ್ಳಿ.

ಉಳಿತಾಯವನ್ನು ಎಂಆರ್‌ಪಿ ಮೇಲೆ ಲೆಕ್ಕ ಹಾಕಬಾರದು. ಫುಡ್ ಬ್ಯಾಂಕ್ ಇಲ್ಲದಿದ್ದರೆ ನೀವು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಸಾಮಾನು ಯಾವುದೋ ಅದನ್ನು ಮಾತ್ರ, ಮಂಡಿ ದರದಲ್ಲಿ ಹಿಡಿಯಿರಿ. 200 ರೂಪಾಯಿಯ ಆಲಿವ್ ಎಣ್ಣೆ ಬಾಟಲಿ ನಿಮ್ಮ ಉಳಿತಾಯ ಅಲ್ಲ.

ಹಾಗೆ ಉಳಿದ ಹಣ ತಟ್ಟೆಗೇ ಹೋಗಬೇಕು. ಈ ಇಡೀ ವ್ಯವಸ್ಥೆಯ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕಿಲೋಕ್ಯಾಲರಿಯ ಊಟಕ್ಕೆ ದಿನಕ್ಕೆ 400 ಗ್ರಾಂ ತರಕಾರಿ, 300 ಮಿ.ಲೀ. ಹಾಲು ಹೇಳುತ್ತದೆ. 60 ಜನಕ್ಕೆ ಅದು 24 ಕೆ.ಜಿ. ತರಕಾರಿ, 18 ಲೀಟರ್ ಹಾಲು. ಬಹಳ ಹಾಸ್ಟೆಲ್‌ಗಳಲ್ಲಿ ಕೊರತೆ ಬೀಳುವುದು ಅಕ್ಕಿಯದಲ್ಲ, ಇವುಗಳದ್ದು.

ಕಾಯ್ದೆ_ಕಡತ:

ಅಳುಕಿರುವ ಟ್ರಸ್ಟಿಗಳಿಗೆ: ‘ಬೆಸ್ಟ್ ಬಿಫೋರ್’ ಬೇರೆ, ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಬೇರೆ. ಮೊದಲನೆಯದು ರುಚಿ, ಗರಿಗರಿ, ಪರಿಮಳ ಪೂರ್ತಿ ಇರುವ ಅವಧಿ. ಎರಡನೆಯದು ದಾಟಿದರೆ ಕೊಡುವಂತಿಲ್ಲ, ಮುಗಿಯಿತು. 2020ರ ಲೇಬಲ್ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ನೋಡಬೇಕಾದದ್ದು ಎಕ್ಸ್‌ಪೈರಿಯನ್ನೇ.

ಒಳ್ಳೆಯ ಸಾಮಾನು ಯಾಕೆ ಮಿಗುತ್ತದೆಂಬುದಕ್ಕೂ ಕಾರಣವಿದೆ. ಗ್ರಾಹಕರಿಗೆ ತಲುಪುವಾಗ ಶೇ. 30ರಷ್ಟು ಬಾಳಿಕೆ ಅಥವಾ ಅವಧಿ ಮುಗಿಯಲು 45 ದಿನ ಉಳಿದಿರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಆ ಗೆರೆ ದಾಟಿದ ಸರಕು ತಿನ್ನಲು ಯೋಗ್ಯವೇ ಆಗಿದ್ದರೂ ಮಾರಾಟದಿಂದ ಹೊರಗೆ ಬೀಳುತ್ತದೆ.

ಮಿಕ್ಕ ಆಹಾರ ಸಂಗ್ರಹಿಸಿ ಹಂಚುವುದಕ್ಕೆಂದೇ 2019ರ ಎಫ್‌ಎಸ್‌ಎಸ್‌ಎಐ ನಿಯಮಗಳಿವೆ. ಫುಡ್ ಬ್ಯಾಂಕಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ನಿಮ್ಮ ಅಡುಗೆಮನೆಯ ನೋಂದಣಿ, ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆ ನೋಂದಣಿಯ (12ಎ) ಪ್ರತಿ, ಮಕ್ಕಳ ಸಂಖ್ಯೆಯ ಪತ್ರ ಅವರು ಕೇಳಬಹುದು. ಒಪ್ಪಂದದಲ್ಲಿ ‘ಮಾರಬಾರದು, ವಿನಿಮಯ ಮಾಡಬಾರದು’ ಎಂದಿದ್ದರೆ ಸಿಬ್ಬಂದಿಯ ಸಂಬಳಕ್ಕೆ ಬದಲಾಗಿ ಕೊಡುವುದೂ ಅದರಲ್ಲೇ ಬರುತ್ತದೆ. ಹೆಚ್ಚಾದದ್ದನ್ನು ಪಕ್ಕದ ಆಶ್ರಮಕ್ಕೆ ಕೊಡಬಹುದೇ ಎಂದು ಮೊದಲೇ ಲಿಖಿತವಾಗಿ ಕೇಳಿ.

ಲೆಕ್ಕದಲ್ಲಿ ಶುಲ್ಕ ಮತ್ತು ಬಾಡಿಗೆ ಖರ್ಚಿನ ಪುಸ್ತಕಕ್ಕೆ. ಸಾಮಾನು ಪ್ರತ್ಯೇಕ ದಾಸ್ತಾನು ಪುಸ್ತಕಕ್ಕೆ: ದಿನಾಂಕ, ತೂಕ, ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ. ಕಂಪನಿ ಯಾವುದಾದರೂ ಬ್ಯಾಚ್ ವಾಪಸ್ ಕರೆದರೆ ಹುಡುಕಲು ಬ್ಯಾಚ್ ಸಂಖ್ಯೆಯೊಂದೇ ದಾರಿ. ಯಾರಾದರೂ ನೇರವಾಗಿ ದಿನಸಿ ಕೊಟ್ಟರೆ ದಾನಿಯ ಆದಾಯ ತೆರಿಗೆ ವಿನಾಯಿತಿಗೆ ಕೊಡುವ (80ಜಿ) ರಸೀದಿ ಬರೆಯಬೇಡಿ, ಆ ವಿನಾಯಿತಿ ಹಣದ ದೇಣಿಗೆಗೆ ಮಾತ್ರ.

ಬಿಸಿಯೂಟ_ಬಾಣಲೆ:

ಇಳಿಸಿಕೊಳ್ಳುವಾಗಲೇ ನೋಡಬೇಕಾದದ್ದು ಹೇಳುತ್ತೇನೆ. ಸಹಿ ಹಾಕಿದ ಮೇಲೆ ವಾಪಸ್ ಕಳಿಸುವುದು ಕಷ್ಟ.

ಉಬ್ಬಿದ ಡಬ್ಬ, ಅಂಚಿನ ಜೋಡಣೆಯ ಮೇಲೆ ನೆಗ್ಗಿದ ಡಬ್ಬ ಬೇಡವೇ ಬೇಡ. ಹಿಟ್ಟು, ರವೆ ಪೊಟ್ಟಣದ ಮೂಲೆಯಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಒಳಗೆ ಹುಳುವಿದೆ, ಇಡೀ ಪೆಟ್ಟಿಗೆ ಬಿಡಿ. ಸೋಪಿನ ಪುಡಿಯ ಜೊತೆ ಒಂದೇ ಗಾಡಿಯಲ್ಲಿ ಬಂದ ಅಕ್ಕಿ, ಬಿಸ್ಕತ್ತು ವಾಸನೆ ಹಿಡಿಯುತ್ತವೆ. ನಡುವೆ ಟಾರ್ಪಾಲಿನ್ ಹಾಕಿಸಿ, ಅಥವಾ ಸೋಪು ಬೇರೆ ದಿನ ತನ್ನಿ. ಕಡಲೆಬೀಜ, ಕುರುಕಲು ಇದ್ದರೆ ಒಂದು ಪೊಟ್ಟಣ ಒಡೆದು ಮೂಸಿ. ಕಮಟು ವಾಸನೆ ಇದ್ದರೆ ದಿನಾಂಕ ಎಷ್ಟೇ ಉಳಿದಿರಲಿ, ಬೇಡ.

ಎಷ್ಟು ತೆಗೆದುಕೊಳ್ಳಬೇಕು ಎಂಬುದು ಮಂಡಿ ಲೆಕ್ಕದಂತಲ್ಲ. ರವೆಗೆ 20 ದಿನ ಉಳಿದಿದೆ ಎನ್ನಿ. ತಲೆಗೆ 80 ಗ್ರಾಂ, ಒಂದು ಉಪ್ಪಿಟ್ಟಿಗೆ 4.8 ಕೆ.ಜಿ. ವಾರಕ್ಕೆ ಎರಡು ಸಲ ಅಂದರೆ 20 ದಿನದಲ್ಲಿ ಐದು ಸಲ, 24 ಕೆ.ಜಿ. ಅವರು 100 ಕೆ.ಜಿ. ಕೊಡುತ್ತೇವೆಂದರೂ 25 ಸಾಕು. ಮಿಕ್ಕದ್ದು ಇನ್ನೊಂದು ಅಡುಗೆಮನೆಗೆ ಹೋಗಲಿ. ನಿಮ್ಮ ಉಗ್ರಾಣದಲ್ಲಿ ಕೆಟ್ಟರೆ ಶುಲ್ಕವೂ ಹೋಯಿತು, ಯಾರದೋ ಊಟವೂ ಹೋಯಿತು.

ಹೊಸ ಸರಕನ್ನು ಹಳೆಯದರ ಪಕ್ಕ ಇಡದೆ ಒಂದು ವಾರ ಬೇರೆ ಕಡೆ ಇಡಿ. ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ, ಗೋಡೆಯಿಂದ ಒಂದೂವರೆ ಅಡಿ ದೂರ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಕೆಳಗಿನ ಮೂಟೆ ಮುಗ್ಗಲು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ಎಕ್ಸ್‌ಪೈರಿ ತಿಂಗಳನ್ನು ದಪ್ಪ ಮಾರ್ಕರ್‌ನಲ್ಲಿ ಬರೆಯಿರಿ. ಮೊದಲು ಮುಗಿಯುವುದು ಮೊದಲು ಒಲೆಗೆ. ಮೊದಲು ಬಂದದ್ದು ಮೊದಲು ಎಂಬ ಮಂಡಿ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು, ಇವತ್ತು ಬಂದದ್ದೇ ಮುಂಚೆ ಮುಗಿಯಬಹುದು.

ನೆಲಮಂಗಲ_ಟ್ರಸ್ಟ್:

ಎಲ್ಲರಿಗೂ ಧನ್ಯವಾದ. ಇನ್ನೊಂದು: ಅವರು ಕಳಿಸಿದ್ದನ್ನು ತೆಗೆದುಕೊಳ್ಳಬೇಕೋ, ನಾವು ಆರಿಸಬಹುದೋ? ‘ಬೇಡ’ ಎಂದರೆ ಮುಂದಿನ ಸಲ ಕರೆಯುವುದಿಲ್ಲವೇನೋ ಎಂಬ ಭಯ.

ಶಿಕಾಗೋ_ಕನ್ನಡಿಗ:

ಆರಿಸುವ ಅವಕಾಶ ಕೇಳಲೇಬೇಕು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎನ್ನುವ ಸೇಂಟ್ ಮೇರೀಸ್ 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಆರಂಭವಾಯಿತು. ಅಮೆರಿಕದ ಫುಡ್ ಬ್ಯಾಂಕ್‌ಗಳ ಒಕ್ಕೂಟದಲ್ಲಿ ಮುಂದೆ ಬಹಳ ಕಾಲ ಸರದಿಯಂತೆ ಲಾರಿ ಲೋಡ್ ಹಂಚುತ್ತಿದ್ದರು, ಯಾರಿಗೆ ಏನಿದೆ ಎಂದು ನೋಡದೆ. ಆಲೂಗಡ್ಡೆ ಬೆಳೆಯುವ ಐಡಾಹೋಗೇ ಆಲೂಗಡ್ಡೆ ಹೋಗುತ್ತಿತ್ತು ಎಂಬ ಉದಾಹರಣೆ ಇಲ್ಲಿ ಎಲ್ಲರೂ ಕೊಡುತ್ತಾರೆ. 2005ರಿಂದ ಪ್ರತಿ ಫುಡ್ ಬ್ಯಾಂಕಿಗೂ ಅಗತ್ಯಕ್ಕೆ ತಕ್ಕಂತೆ ‘ಷೇರು’ ಎಂಬ ಟೋಕನ್ ಹಣ ಕೊಟ್ಟು, ಬೇಕಾದ ಲೋಡಿಗೆ ಬಿಡ್ ಮಾಡಲು ಬಿಟ್ಟರು. ಯಾರಿಗೆ ಏನು ಬೇಕೆಂಬುದು ಆಗ ಗೊತ್ತಾಗತೊಡಗಿತು.

ನಿಮ್ಮ ಮಟ್ಟದಲ್ಲಿ ಹೀಗೆ ಮಾಡಿ: ಗಾಡಿ ಕಳಿಸುವ ಎರಡು ದಿನ ಮುಂಚೆ ದಾಸ್ತಾನು ಪಟ್ಟಿ, ಎಕ್ಸ್‌ಪೈರಿ ಸಮೇತ, ವಾಟ್ಸಾಪ್‌ಗೆ ತರಿಸಿಕೊಳ್ಳಿ. ಬೇಕಾದದ್ದರ ಮುಂದೆ ತೂಕ ಬರೆಯಿರಿ, ಬೇಡದ್ದರ ಮುಂದೆ ಕಾರಣ: ‘ಖಾರ ಜಾಸ್ತಿ, ಮಕ್ಕಳು ತಿನ್ನುವುದಿಲ್ಲ’, ‘ಅವಧಿ ಸಾಲದು’. ಸ್ಪಷ್ಟ ಕಾರಣ ಕೊಡುವ ಸಂಸ್ಥೆ ಅವರಿಗೂ ಅನುಕೂಲ, ಸರಕು ಸರಿಯಾದ ಜಾಗಕ್ಕೆ ಹೋಗುತ್ತದೆ. ಕೆಲವು ಕಡೆ ದಾನದ ಜೊತೆಗೆ ಸಗಟು ಖರೀದಿಯೂ ಇರುತ್ತದೆ, ಹಲವು ಸಂಸ್ಥೆಗಳ ಬೇಳೆ, ಎಣ್ಣೆ ಒಟ್ಟಿಗೆ ಕೊಳ್ಳುವುದು. ಅದು ಇದೆಯೇ ಕೇಳಿ. ಇದ್ದರೆ ಅವರ ದರವನ್ನು ಸಾಗಣೆ ಸೇರಿಸಿ ಯಶವಂತಪುರದ ಅದೇ ದಿನದ ದರದ ಪಕ್ಕ ಇಟ್ಟು ನೋಡಿ. 108 ಕೆ.ಜಿ. ಬೇಳೆಯಲ್ಲಿ ಕೆ.ಜಿ.ಗೆ 5 ರೂಪಾಯಿ ವ್ಯತ್ಯಾಸ ಬಂದರೂ ತಿಂಗಳಿಗೆ 540.